ಭಾನುವಾರ ಯಾರದು? ಬದಿಯಡ್ಕದ ಓದುಗರಿಗೆ ಉತ್ತರ

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮದುವೆಯಾಗಿ ಐದು ವರ್ಷ. ನಾನು ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಕುಂಬಳೆವರೆಗೆ ಬಸ್ಸು, ಅಲ್ಲಿಂದ ರೈಲು. ಸಂಜೆ ಮನೆ ಸೇರುವಾಗ ಏಳೂವರೆ. ನನ್ನವರು ಊರಲ್ಲೇ ಒಂದು ಸಹಕಾರಿ ಸಂಘದಲ್ಲಿದ್ದಾರೆ, ಐದೂವರೆಗೆಲ್ಲ ಮನೆಯಲ್ಲಿರುತ್ತಾರೆ. ಅತ್ತೆ, ಮಾವ ಜೊತೆಗಿದ್ದಾರೆ. ಭಾನುವಾರ ಬಂತೆಂದರೆ ನನಗೆ ವಾರದ ಬಟ್ಟೆ, ತಿಂಡಿ, ಅಡುಗೆ. ಇಲ್ಲದಿದ್ದರೆ ಯಾರದ್ದಾದರೂ ಮನೆಯ ಜೆಂಬರ. ಸಂಜೆ ಇಬ್ಬರೂ ಮೊಬೈಲ್ ಹಿಡಿದು ಕೂರುತ್ತೇವೆ. ಜಗಳ ಇಲ್ಲ, ಆದರೆ ಮಾತೂ ಇಲ್ಲ. ಅವರಿಗೆ ಯಕ್ಷಗಾನ, ತಾಳಮದ್ದಳೆ ಅಂದರೆ ಪ್ರಾಣ. ನನಗೆ ಗುಡ್ಡ ಹತ್ತುವುದು, ಫೋಟೋ ತೆಗೆಯುವುದು ಇಷ್ಟ. ಇಬ್ಬರಿಗೂ ಒಗ್ಗುವ ಒಂದು ಹವ್ಯಾಸ ಹೇಳುತ್ತೀರಾ? ವಯಸ್ಸಾದವರನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೇ ತಿರುಗಾಡಲು ಹೋಗುವುದು ಸರಿಯಾ?

ಉತ್ತರ: ನೀವು ಹವ್ಯಾಸದ ಬಗ್ಗೆ ಕೇಳಿದ್ದೀರಿ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಬಟ್ಟೆ, ತಿಂಡಿ, ಅಡುಗೆ. ಮೂರೂ ನಿಮ್ಮ ಪಾಲಿನದು. ವಾರದಲ್ಲಿ ಆರು ದಿನ ನೀವು ನಿಮ್ಮವರಿಗಿಂತ ಎರಡು ಗಂಟೆ ತಡವಾಗಿ ಮನೆ ಸೇರುತ್ತೀರಿ. ಏಳನೇ ದಿನ ಅವರಿಗೆ ರಜೆ, ನಿಮಗೆ ಬೇರೆ ಕೆಲಸ. ಹೀಗಿರುವಾಗ ಎಷ್ಟು ಒಳ್ಳೆಯ ಹವ್ಯಾಸ ಹೇಳಿದರೂ ಅದು ನಿಮ್ಮ ತಲೆಯ ಮೇಲೆ ಇನ್ನೊಂದು ಕೆಲಸವಾಗಿ ಕೂರುತ್ತದೆ. ಬುತ್ತಿ ಕಟ್ಟುವವರು ನೀವು, ಬಂದ ಮೇಲೆ ಪಾತ್ರೆ ತೊಳೆಯುವವರೂ ನೀವು ಅಂತಾದರೆ ಪೊಸಡಿಗುಂಪೆ ಗುಡ್ಡಕ್ಕೆ ಹೋಗಿ ಬಂದದ್ದು ಯಾರಿಗೆ ಖುಷಿ ಕೊಡುತ್ತದೆ?

ಇದು ನಿಮ್ಮ ಮನೆಯೊಂದರ ಕಥೆ ಅಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವವರ ಲೆಕ್ಕ ಮಾತ್ರ. ಏನೂ ಮಾಡದ ಗಂಡಸರು ಈ 88ರಲ್ಲಿ ಬರುವುದೇ ಇಲ್ಲ. ದಂಪತಿಗಳ ಜೊತೆ ಆಪ್ತಸಮಾಲೋಚನೆ ಮಾಡುವ ನನ್ನಂಥವರ ಮುಂದೆ "ನಮಗೆ ಒಟ್ಟಿಗೆ ಕಳೆಯಲು ಟೈಮೇ ಇಲ್ಲ" ಎಂಬ ಮಾತು ಬಂದಾಗ, ಸ್ವಲ್ಪ ಕೆದಕಿದರೆ ಜಾಸ್ತಿ ಸಲ ಸಿಗುವುದು ಇದೇ. ಒಬ್ಬರಿಗೆ ಟೈಮ್ ಇದೆ, ಇನ್ನೊಬ್ಬರಿಗೆ ಇಲ್ಲ.

ಹಾಗಾಗಿ ಮೊದಲ ಕೆಲಸ ಬಟ್ಟೆಯದ್ದು. ಅದನ್ನು ಭಾನುವಾರದಿಂದ ಎತ್ತಿಬಿಡಿ. ಐದೂವರೆಗೆ ಮನೆಗೆ ಬರುವವರು ಬುಧವಾರ ಒಂದು ಸಲ, ಶುಕ್ರವಾರ ಒಂದು ಸಲ ಒಗೆಯಬಹುದು. ಮಳೆಗಾಲದಲ್ಲಿ ಚಾವಡಿಯಲ್ಲಿ ಹಗ್ಗ ಕಟ್ಟಿ ಒಣಗಿಸುವುದು, ಮಡಚಿ ಇಡುವುದು, ಸೋಪಿನ ಪುಡಿ ಮುಗಿದಿದೆಯಾ ಎಂದು ನೋಡುವುದು, ಎಲ್ಲ ಅವರದೇ. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. "ಏನಾದರೂ ಸಹಾಯ ಮಾಡ್ಲಾ?" ಎಂದು ಅವರು ಕೇಳಿದರೆ ಸಾಲದು. ಹಾಗೆ ಕೇಳಿದರೆ ನೆನಪಿಟ್ಟುಕೊಳ್ಳುವ, ಹೇಳಿಕೊಡುವ, ಆಮೇಲೆ ಸರಿಯಾಯಿತಾ ಎಂದು ನೋಡುವ ಭಾರ ನಿಮ್ಮಲ್ಲೇ ಉಳಿಯುತ್ತದೆ. ಒಂದು ಕೆಲಸವನ್ನು ಬುಡದಿಂದ ತುದಿವರೆಗೆ ಅವರಿಗೆ ಬಿಟ್ಟುಕೊಡಿ. ಅವರು ಅಂಗಿ ಮಡಚುವ ರೀತಿ ನಿಮಗೆ ಹಿಡಿಸದಿದ್ದರೂ ತಿದ್ದಲು ಹೋಗಬೇಡಿ.

ಭಾನುವಾರದ ತಿಂಡಿಯೂ ಹಾಗೆಯೇ. ನೀರುದೋಸೆ ಎರೆಯಲು ಕಲಿಯುವುದು ಗಂಡಸರಿಗೆ ಕಷ್ಟವೇನಲ್ಲ. ಅಕ್ಕಿ ನೆನೆಹಾಕಲು ಶನಿವಾರ ರಾತ್ರಿ ನೆನಪಾಗಬೇಕು, ಅಷ್ಟೇ. ಮಗ ಒಲೆಯ ಮುಂದೆ ನಿಂತದ್ದು ಕಂಡು ಅತ್ತೆಗೆ ಕಸಿವಿಸಿ ಆಗಬಹುದು. ಆ ಮಾತನ್ನು ಅವರ ಹತ್ತಿರ ಆಡಬೇಕಾದವರು ನಿಮ್ಮವರು. "ವಾರವಿಡೀ ಅವಳು ರೈಲಲ್ಲಿ ಓಡಾಡುತ್ತಾಳೆ ಅಮ್ಮ, ಭಾನುವಾರದ ತಿಂಡಿ ನಂದು" ಎಂದು ಮಗ ಹೇಳಿದರೆ ಅದು ಅಲ್ಲಿಗೆ ಮುಗಿಯುತ್ತದೆ. ಅದೇ ಮಾತನ್ನು ಸೊಸೆ ಹೇಳಿದರೆ ದೂರಿನ ಹಾಗೆ ಕೇಳಿಸುತ್ತದೆ.

ಇನ್ನು ಜೆಂಬರಗಳು. ಪೂಜೆ, ಉಪನಯನ, ಗೃಹಪ್ರವೇಶ, ಮದುವೆ. ಮೇ ತಿಂಗಳಲ್ಲಂತೂ ಒಂದೇ ಭಾನುವಾರ ಮೂರು ಕಡೆ ಊಟ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಊರಲ್ಲಿ ಬದುಕುವವರಿಗೆ ಆ ನಂಟು ಬೇಕು. ಆದರೆ ಎಲ್ಲ ಕಡೆಗೂ ಇಬ್ಬರೂ ಹೋಗಬೇಕೆಂದಿಲ್ಲ. ದೂರದ ಸಂಬಂಧವಾದರೆ ಮನೆಯ ಪರವಾಗಿ ಒಬ್ಬರು ಹೋದರೆ ಸಾಕು. ಇಬ್ಬರೂ ಹೋದ ದಿನ ಊಟ ಮುಗಿಸಿ ನೇರ ಮನೆಗೆ ಬರಬೇಡಿ. ಕುಂಬಳೆಯ ಕಡೆ ಹೋಗಿದ್ದರೆ ಅನಂತಪುರ ಅಲ್ಲೇ ಇದೆ. ಕೆರೆಯ ನಡುವಿನ ಆ ದೇವಸ್ಥಾನ ನಿಮಗೆ ಗೊತ್ತಿರುವುದೇ. ಆ ಕೆರೆಯ ಬಬಿಯಾ ಮೊಸಳೆ 2022ರ ಅಕ್ಟೋಬರ್‌ನಲ್ಲಿ ತೀರಿಹೋದಾಗ ಊರಿಗೆ ಊರೇ ಕಣ್ಣೀರು ಹಾಕಿತ್ತು. ಮರುವರ್ಷ ನವೆಂಬರ್‌ನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ದರ್ಶನ ಮುಗಿಸಿ ಸುತ್ತಲಿನ ಪದವಿನಲ್ಲಿ, ಅಂದರೆ ಮುರಕಲ್ಲಿನ ಬಯಲಿನಲ್ಲಿ, ಒಂದರ್ಧ ಗಂಟೆ ನಡೆಯಿರಿ. ಹೇಗೂ ಇಬ್ಬರೂ ಮನೆಯಿಂದ ಹೊರಟಾಗಿದೆ, ಅಡುಗೆಯ ಚಿಂತೆಯೂ ಇಲ್ಲ.

ಈಗ ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಇಬ್ಬರಿಗೂ ಒಗ್ಗುವ ಒಂದೇ ಹವ್ಯಾಸ ಬೇಕಾ? ನನಗೆ ಹಾಗೆ ಅನ್ನಿಸುವುದಿಲ್ಲ. ಯಕ್ಷಗಾನ ಅವರದ್ದಾಗಿರಲಿ, ಗುಡ್ಡ ನಿಮ್ಮದಾಗಿರಲಿ. ಅಮೆರಿಕದಲ್ಲಿ ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಗಂಡನಿಗೆ ಇಷ್ಟವಾದ, ಹೆಂಡತಿಗೆ ಇಷ್ಟವಿಲ್ಲದ ಹವ್ಯಾಸದಲ್ಲಿ ಹೊತ್ತು ಕಳೆಯುವುದು ಜಾಸ್ತಿಯಾದ ಮನೆಗಳಲ್ಲಿ ಹೆಂಡತಿಯ ಅಸಮಾಧಾನವೂ ಜಾಸ್ತಿ ಇತ್ತು. ಗಂಡ ಒಬ್ಬನೇ ಹೋದರೂ ಹಾಗೆಯೇ, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದರೂ ಹಾಗೆಯೇ. ಅಂದರೆ ಇಷ್ಟವಿಲ್ಲದೆ ತಾಳಮದ್ದಳೆಯಲ್ಲಿ ನಾಲ್ಕು ಗಂಟೆ ಕೂತು ಬಂದರೆ ನಿಮ್ಮಿಬ್ಬರ ನಡುವೆ ಏನೂ ಸರಿಹೋಗುವುದಿಲ್ಲ. ಅದರ ಬದಲು ಹೊತ್ತಿನ ಲೆಕ್ಕ ಸರಿ ಮಾಡಿಕೊಳ್ಳಿ. ಅವರಿಗೆ ತಾಳಮದ್ದಳೆಗೆ ಒಂದು ಸಂಜೆ ಇದ್ದರೆ ನಿಮಗೆ ಗುಡ್ಡಕ್ಕೆ ಒಂದು ಬೆಳಿಗ್ಗೆ. ಆ ಬೆಳಿಗ್ಗೆ ಮನೆ ನೋಡಿಕೊಳ್ಳುವವರು ಅವರು. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲವಿಡೀ ತಾಳಮದ್ದಳೆಯ ಕಾಲ. ಆ ತಿಂಗಳುಗಳ ದಿನಗಳನ್ನು ಮುಂಚೆಯೇ ಕೂತು ಮಾತಾಡಿಕೊಳ್ಳಿ. ಶನಿವಾರ ಮಧ್ಯಾಹ್ನ ಫೋನ್ ಬಂದು ಅವರು ಹೊರಟುಹೋದರೆ ನಿಮಗೆ ಬೇಸರ ಆಗುವುದು ಸಹಜ.

ನಿಮ್ಮ ಪತ್ರ ಓದುವಾಗ ಇನ್ನೊಂದು ಹೊಳೆಯಿತು. ನಿಮ್ಮ ಕೈಯಲ್ಲಿ ಕ್ಯಾಮೆರಾ ಇದೆ, ಅವರಿಗೆ ಮೇಳದವರ ಪರಿಚಯ ಇರಬಹುದು. ಯಕ್ಷಗಾನದ ಆಟ ಶುರುವಾಗುವ ಮುಂಚೆ, ವೇಷ ಕಟ್ಟುವ ಚೌಕಿಗೆ ಹೋಗಿ ನೋಡಿ. ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷದವರು ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಉಬ್ಬು ಚುಕ್ಕಿ, ಇಡುತ್ತಾರೆ. ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ, ಬಹಳ ಶ್ರದ್ಧೆಯದ್ದು. ಅನುಮತಿ ಕೇಳಿ ಫೋಟೋ ತೆಗೆಯಿರಿ. ನಿಮಗೆ ಖುಷಿಯಾದರೆ ಮುಂದುವರಿಸಿ, ಇಲ್ಲದಿದ್ದರೆ ಬಿಡಿ. ಯಕ್ಷಗಾನದ ಪಿತಾಮಹ ಎನ್ನಿಸಿಕೊಂಡ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಇದ್ದೀರಿ. ಒಂದು ಸಲವಾದರೂ ಹತ್ತಿರದಿಂದ ನೋಡಬೇಕಾದದ್ದು ಅದು.

ಹಾಗಾದರೆ ಒಟ್ಟಿಗೆ ಮಾಡುವುದು ಏನು? ಇಬ್ಬರಿಗೂ ಹೊಸದಾದದ್ದು, ಇಬ್ಬರಿಗೂ ಸರಿಯಾಗಿ ಬಾರದ್ದು. ಇದು ನನ್ನ ಊಹೆ ಅಲ್ಲ. ಅಮೆರಿಕದಲ್ಲಿ 53 ದಂಪತಿಗಳ ಜೊತೆ ನಡೆದ ಒಂದು ಪ್ರಯೋಗ 1993ರಲ್ಲಿ ಪ್ರಕಟವಾಯಿತು. ಕೆಲವರಿಗೆ ಹತ್ತು ವಾರ, ವಾರಕ್ಕೆ ಒಂದೂವರೆ ಗಂಟೆ, ತಮಗೆ ಮೈ ನವಿರೇಳಿಸುವಂಥದ್ದು ಎನ್ನಿಸುವ ಚಟುವಟಿಕೆ ಮಾಡಲು ಹೇಳಿದರು. ಇನ್ನು ಕೆಲವರಿಗೆ ಹಿತವಾದ, ಅಭ್ಯಾಸವಾದ ಚಟುವಟಿಕೆ. ಮೂರನೆಯ ಗುಂಪಿಗೆ ಏನೂ ಹೇಳಲಿಲ್ಲ. ಕೊನೆಗೆ ನೋಡಿದರೆ ಮದುವೆಯ ಬಗ್ಗೆ ಸಮಾಧಾನ ಹೆಚ್ಚಿದ್ದು ಮೊದಲ ಗುಂಪಿನಲ್ಲಿ. ಹಿತವಾಗಿ ಹೊತ್ತು ಕಳೆದವರಿಗೆ ಅಷ್ಟು ಲಾಭ ಆಗಲಿಲ್ಲ. 2000ದಲ್ಲಿ ಬಂದ ಇನ್ನೊಂದು ಪ್ರಯೋಗ ಇನ್ನೂ ಚೆನ್ನಾಗಿದೆ. ಗಂಡ ಹೆಂಡತಿಯ ಒಂದು ಕಡೆಯ ಕೈ, ಕಾಲು ಒಟ್ಟಿಗೆ ಕಟ್ಟಿ, ನಡುವೆ ಒಂದು ದಿಂಬು ಕೊಟ್ಟು, ಅದನ್ನು ಕೈಯಲ್ಲೂ ಹಲ್ಲಲ್ಲೂ ಹಿಡಿಯದೆ ಚಾಪೆಯ ಮೇಲೆ ತೆವಳಿ ಅಡ್ಡ ದಾಟಿ ಎಂದರು. ಏಳು ನಿಮಿಷದ ಆಟ. ಅದಾದ ಮೇಲೆ ಅವರು ಒಬ್ಬರ ಬಗ್ಗೆ ಒಬ್ಬರು ಹೇಳಿದ ಮಾತು, ಸುಮ್ನೆ ಚೆಂಡು ಉರುಳಿಸಿದ ಜೋಡಿಗಳಿಗಿಂತ ಬೆಚ್ಚಗಿತ್ತು.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಕಡೆಯ ಸೇಮಿಗೆ, ಅಂದರೆ ಅಕ್ಕಿ ಶಾವಿಗೆ, ನೆನಪಾಗುತ್ತದೆ. ಅದೂ ಒಬ್ಬರಿಂದ ಆಗುವ ಕೆಲಸ ಅಲ್ಲ. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಕಾಸಿ ಉಂಡೆ ಕಟ್ಟಿ ಬೇಯಿಸಬೇಕು. ಬೆಂದ ಉಂಡೆ ಬಿಸಿಯಾಗಿರುವಾಗಲೇ ಮಣೆಗೆ ಹಾಕಿ ಒತ್ತಬೇಕು. ತಣಿದರೆ ಜಗ್ಗುವುದಿಲ್ಲ. ಒಬ್ಬರು ಒತ್ತುವಾಗ ಇನ್ನೊಬ್ಬರು ಕೆಳಗೆ ಬಾಳೆಲೆ ಹಿಡಿದು ತಿರುಗಿಸುತ್ತಾ ಇರಬೇಕು. ಕೈ ಸುಡುತ್ತದೆ, ಎಳೆ ತುಂಡಾಗುತ್ತದೆ, ನಗು ಬರುತ್ತದೆ. ಮೊದಲ ಸಲ ಚೆನ್ನಾಗಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಜೂನ್, ಜುಲೈಯ ಮಳೆಯಲ್ಲಿ ಎಲ್ಲಿಗೂ ಹೋಗಲಾಗದ ಭಾನುವಾರ ಇದನ್ನು ಮಾಡಿ. ಅತ್ತೆಯವರನ್ನು ಕುರ್ಚಿ ಹಾಕಿ ಕೂರಿಸಿ, ಹದ ಹೇಳಲಿ. ಬಾಳೆಹಣ್ಣಿನ ರಸಾಯನಕ್ಕೆ ಕಾಯಿಹಾಲು ಹಿಂಡುವ ಕೆಲಸ ಮಾವನಿಗೆ ಕೊಡಿ.

ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಇಂಥ ಪದವಿನ ಕಡೆ ಹೋಗಿ. ಇದರ ಬಗ್ಗೆ ನಾನು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಇಷ್ಟು ಹತ್ತಿರ ಇದ್ದೂ ಇಷ್ಟು ಕಡಿಮೆ ಜನ ನೋಡುವ ಜಾಗ ಬೇರೆ ಇಲ್ಲ. ಬೇಸಿಗೆಯಲ್ಲಿ ಈ ಮುರಕಲ್ಲಿನ ಬಯಲು ಸುಟ್ಟು ಕಪ್ಪಾಗಿರುತ್ತದೆ. ಅಲ್ಲಿ ಏನೂ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಆಟಿ ಕಳೆದು ಸೋಣ ಬಂದಾಗ, ಅಂದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಕಲ್ಲಿನ ತಗ್ಗುಗಳಲ್ಲಿ ತೆಳುವಾಗಿ ನೀರು ನಿಂತಿರುತ್ತದೆ. ಅದರ ಸುತ್ತ ನೀಲಿ ಬಣ್ಣದ ಪುಟ್ಟ ಹೂಗಳು ಹಾಸಿದಂತೆ ಅರಳುತ್ತವೆ. ಮಲಯಾಳಿಗಳು ಓಣಂ ಪೂಕ್ಕಳಕ್ಕೆ ಹಾಕುವ ಕಾಕ್ಕಪ್ಪೂವು ಅದೇ. ನೋಡಲು ಅಷ್ಟು ಮೃದು, ಆದರೆ ಅದು ಬೇಟೆಯಾಡುವ ಗಿಡ. ಅದಕ್ಕೆ ಸಣ್ಣ ಸಣ್ಣ ಚೀಲಗಳಿವೆ. ಕಣ್ಣಿಗೆ ಕಾಣದ ನೀರಿನ ಜೀವಿಗಳನ್ನು ಆ ಚೀಲ ಒಳಗೆ ಎಳೆದುಕೊಳ್ಳುತ್ತದೆ. ಈ ಕಲ್ಲಿನ ಮೇಲೆ ಮಣ್ಣು ತೀರ ತೆಳು, ಸಾರ ಕಡಿಮೆ, ಹಾಗಾಗಿ ಬೇಕಾದದ್ದನ್ನು ಅದು ಹೀಗೆ ಹೊಂದಿಸಿಕೊಳ್ಳುತ್ತದೆ. ಪಕ್ಕದಲ್ಲೇ ಅಂಟು ಹನಿಗಳಿಂದ ನೊಣ ಹಿಡಿಯುವ ಇನ್ನೊಂದು ಗಿಡವೂ ಸಿಗಬಹುದು. ಮೊಣಕಾಲೂರಿ ಕೂತರೆ ಮಾತ್ರ ಇದೆಲ್ಲ ಕಾಣುವುದು. ನಿಮ್ಮ ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಿಕ್ಕಿಲ್ಲ. ಹೆಸರು ಹುಡುಕುವ ಕೆಲಸ ನಿಮ್ಮವರಿಗಿರಲಿ. ಹೂ ಕೀಳಬೇಡಿ, ಸ್ಕೂಟರನ್ನು ಪದವಿನ ಮೇಲೆ ಓಡಿಸಬೇಡಿ.

ಹಕ್ಕಿ ನೋಡುವುದಕ್ಕಂತೂ ಮನೆಯಿಂದ ಹೊರಡಬೇಕಾಗಿಯೂ ಇಲ್ಲ. ಅಂಗಳದಲ್ಲಿ ಅಥವಾ ಪಕ್ಕದ ಅಡಿಕೆ ತೋಟದ ಅಂಚಿನಲ್ಲಿ ಬೆಳಿಗ್ಗೆ ಆರೂವರೆಗೆ ಕಾಪಿ ಲೋಟ ಹಿಡಿದು ಕೂತರೆ ಮಡಿವಾಳ, ಪಿಕಳಾರ, ಸೂರಕ್ಕಿ, ಕುಟ್ರುಹಕ್ಕಿ ತಾವಾಗಿ ಬರುತ್ತವೆ. ಹಣ್ಣು ಬಿಟ್ಟ ಆಲವಿದ್ದರೆ ಮಂಗಟ್ಟೆಯೂ ಬರಬಹುದು. ಮರ್ಲಿನ್ ಎಂಬ ಆ್ಯಪ್ ಉಚಿತ. ಕೂಗು ಕೇಳಿಸಿದರೆ ಹೆಸರು ಸೂಚಿಸುತ್ತದೆ. ಕೆಲವು ಸಲ ತಪ್ಪುತ್ತದೆ, ಆಗ ಇಬ್ಬರೂ ಸೇರಿ ಸರಿಯಾದ ಹೆಸರು ಹುಡುಕುವುದೇ ಮಜಾ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆಯಂಗಳದ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಕೂತು ಎಣಿಸಿ ಇ-ಬರ್ಡ್ ಎಂಬ ಜಾಲತಾಣದಲ್ಲಿ ಹಾಕಿದರೆ ಸಾಕು, ನಿಮ್ಮ ಅಂಗಳವೂ ಆ ಲೆಕ್ಕದಲ್ಲಿ ಸೇರುತ್ತದೆ. ಆಸಕ್ತಿ ಹುಟ್ಟಿದರೆ ಕುಂಬಳೆ ಹತ್ತಿರದ ಕಿದೂರಿಗೆ ಒಂದು ಬೆಳಿಗ್ಗೆ ಹೋಗಿ, ಹಕ್ಕಿ ನೋಡುವವರಿಗೆ ಅದು ಗೊತ್ತಿರುವ ಊರು. ಕಡಲ ಬದಿಯಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಕಂಡರೆ ನಿಂತು ನೋಡಿ. ಅದು ಕಾಸರಗೋಡು ಜಿಲ್ಲೆಯ ಅಧಿಕೃತ ಹಕ್ಕಿ.

ಸುರಂಗ ನೋಡಿದ್ದೀರಾ? ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುತ್ತಾರೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ನೆಂಟರಲ್ಲಿ ಯಾರದ್ದಾದರೂ ತೋಟದಲ್ಲಿ ಇದ್ದೇ ಇರುತ್ತದೆ. ಕೊರೆದ ಹಿರಿಯರು ಇದ್ದರೆ ಅವರನ್ನು ಮಾತಾಡಿಸಿ. ಹೊರಗಿನಿಂದಲೇ ನೋಡಿ, ಗೊತ್ತಿರುವವರು ಜೊತೆಗಿಲ್ಲದೆ ಒಳಗೆ ಹೋಗಬೇಡಿ. ಒಳಗೆ ಗಾಳಿ ಕಡಿಮೆ. ಕೊರೆಯುವವರೇ ಮೊಂಬತ್ತಿ ಹಿಡಿದು ಹೋಗಿ, ಅದು ನಂದಿದರೆ ವಾಪಸ್ ಬರುತ್ತಾರೆ.

ಪೊಸಡಿಗುಂಪೆ ನಿಮಗೆ ಹೊಸದಲ್ಲ, ಅವರಿಗೆ ಹೊಸದಿರಬಹುದು. ಡಿಸೆಂಬರ್, ಜನವರಿಯ ಬೆಳಿಗ್ಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ. ಆಕಾಶ ತಿಳಿಯಾಗಿದ್ದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಸಾಲು ಕಾಣುತ್ತದೆ. ಸಾವಿರ ಅಡಿಯ ಗುಡ್ಡ, ನಡೆಯುವ ಅಭ್ಯಾಸ ಇಲ್ಲದವರೂ ಹತ್ತಬಹುದು. ರಾಣಿಪುರಂ ದೂರದ ದಾರಿ. ಸುಮಾರು 750 ಮೀಟರ್ ಎತ್ತರ, ಕಾಡು ದಾಟಿ ಹುಲ್ಲುಗಾವಲಿಗೆ ಹತ್ತಬೇಕು. ವರ್ಷಕ್ಕೊಮ್ಮೆ ಸಾಕು. ಅರಣ್ಯ ಇಲಾಖೆಯ ಟಿಕೆಟ್ ಇದೆ, ಆನೆ ಬಂದಿದ್ದರೆ ಅಥವಾ ಮಳೆ ಜೋರಾದರೆ ಬಿಡುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಜಿಗಣೆಗೆ ಉಪ್ಪು ಕಟ್ಟಿಕೊಳ್ಳಿ. ಬೇಕಲ ಕೋಟೆ ಹೇಳುವುದೇ ಬೇಡ, ನೀವಿಬ್ಬರೂ ಶಾಲೆಯಿಂದಲೇ ನೋಡಿರುತ್ತೀರಿ.

ನೀವು ದಿನಾ ರೈಲಿನಲ್ಲಿ ದಾಟಿ ಹೋಗುವ ಮಂಜೇಶ್ವರದಲ್ಲಿ ಒಮ್ಮೆ ಇಳಿಯಿರಿ. ಗೋವಿಂದ ಪೈಗಳ ಮನೆ, ಗಿಳಿವಿಂಡು, ಅಲ್ಲಿದೆ. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದು ಅವರನ್ನು. ನಿಮ್ಮವರನ್ನು ಅಲ್ಲಿಗೆ ಬರಹೇಳಿ, ಅಲ್ಲೇ ಸೇರಿಕೊಳ್ಳಿ. ಮನೆಯ ಹೊರಗೆ ಎಲ್ಲೋ ಒಂದು ಕಡೆ ಇಬ್ಬರೂ ಬೇರೆ ಬೇರೆ ದಾರಿಯಿಂದ ಬಂದು ಭೇಟಿಯಾಗುವುದರಲ್ಲಿ ಒಂದು ಹುರುಪು ಇದೆ.

ಖರ್ಚಿಲ್ಲದ ಇನ್ನೊಂದು ಹವ್ಯಾಸ ಹೇಳಲಾ? ಮಲಯಾಳಂ ಓದಲು ಕಲಿಯಿರಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಕಡೆಯವರು ಮಲಯಾಳಂ ಸರಾಗವಾಗಿ ಮಾತಾಡುತ್ತಾರೆ. ಆದರೆ ಬಸ್ಸಿನ ಬೋರ್ಡು, ಪಂಚಾಯತಿನ ನೋಟಿಸು ಓದಲು ಪಕ್ಕದವರನ್ನು ಕೇಳುತ್ತಾರೆ. ನಿಮ್ಮಿಬ್ಬರಿಗೂ ಹಾಗೆಯೇ ಇದ್ದರೆ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಒಬ್ಬರಿಗೊಬ್ಬರು ಅಕ್ಷರ ಬರೆದು ತೋರಿಸಿ. ಇಬ್ಬರೂ ಒಂದನೇ ಕ್ಲಾಸಿನವರಾದಾಗ ಯಾರೂ ಯಾರಿಗೂ ಮೇಷ್ಟ್ರಲ್ಲ, ಅಲ್ವಾ? ಮೊಬೈಲನ್ನು ದೂರ ಇಡಿ ಎಂದು ನಾನು ಬೇರೆಯಾಗಿ ಹೇಳುವುದಿಲ್ಲ. ಕೈಗೆ ಬೇರೆ ಕೆಲಸ ಸಿಕ್ಕಿದರೆ ಅದು ತಾನಾಗಿ ಬದಿಗೆ ಹೋಗುತ್ತದೆ.

ಇಷ್ಟೆಲ್ಲ ಒಂದೇ ತಿಂಗಳಲ್ಲಿ ಮಾಡಲು ಹೋಗಬೇಡಿ. ವಾರಕ್ಕೆ ಒಂದೂವರೆ ಗಂಟೆ ಸಾಕು. ಒಂದು ವಾರ ನೀವು ಆರಿಸಿ, ಮುಂದಿನ ವಾರ ಅವರು ಆರಿಸಲಿ. ಆರಿಸಿದವರೇ ಹೊಂದಿಸಬೇಕು: ದಾರಿ ಕೇಳುವುದು, ಪೆಟ್ರೋಲ್ ಹಾಕಿಸುವುದು, ನೀರಿನ ಬಾಟಲಿ ತುಂಬಿಸುವುದು. ಈ ನಿಯಮ ಬಿಟ್ಟರೆ ಎಲ್ಲ ಮತ್ತೆ ನಿಮ್ಮ ಕೈಗೇ ಬರುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕೆಲಸ ಹಂಚಿಕೊಂಡ ಮೇಲೂ, ಹೊರಗೆ ಹೋಗಿ ಬಂದ ಮೇಲೂ ಅವರು ನಿಮ್ಮಿಂದ ದೂರವೇ ಉಳಿದರೆ, ಅಥವಾ ನಿಮ್ಮಲ್ಲಿ ಯಾರಿಗಾದರೂ ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಸರಿಯಿಲ್ಲ ಅಂತಾದರೆ ಅದಕ್ಕೆ ಹವ್ಯಾಸ ಮದ್ದಲ್ಲ. ಆಗ ಆಪ್ತಸಮಾಲೋಚಕರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಉಚಿತವಾಗಿ ಮಾತಾಡುತ್ತಾರೆ. ಕನ್ನಡದಲ್ಲೂ ಮಾತಾಡಬಹುದು.

ಇನ್ನು ಅತ್ತೆ, ಮಾವನ ವಿಷಯ. ಇಬ್ಬರೇ ಹೋಗುವುದು ತಪ್ಪಲ್ಲ. ಕದ್ದು ಹೋದ ಹಾಗೆ ಹೋಗಬೇಡಿ, ಅಷ್ಟೇ. "ಪೇಟೆಗೆ ಹೋಗಿ ಬರುತ್ತೇವೆ" ಎಂದು ಸುಳ್ಳು ಹೇಳಿ ಹೋದರೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಆಗ ಬೇಸರ ದುಪ್ಪಟ್ಟು. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಶನಿವಾರವೇ ನಿಮ್ಮವರು ಹೇಳಲಿ. ಹೇಳಿದ ಹೊತ್ತಿಗೆ ಬನ್ನಿ. ಅವರ ಮದ್ದು ಕೈಗೆ ಸಿಗುವ ಹಾಗೆ ಇಡಿ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಡಿ, ನಂಬರ್ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ತಿಂಗಳಿಗೊಂದು ಭಾನುವಾರ ನಾಲ್ವರೂ ಸೇರಿ ಹೋಗಿ. ಮಧೂರಿನಲ್ಲಿ ಗಣಪತಿಗೆ ಅಪ್ಪ ಸೇವೆ ಮಾಡಿಸಿ, ಮಧುವಾಹಿನಿ ಹೊಳೆಯ ಬದಿ ಸ್ವಲ್ಪ ಕೂತು ಬರಬಹುದು. ಅಂಗಳದ ಹಕ್ಕಿ ಎಣಿಕೆಗೂ ಅವರನ್ನು ಕರೆಯಿರಿ, ಹಳೆಯ ಹೆಸರುಗಳು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತವೆ. ಉಳಿದ ಭಾನುವಾರಗಳ ಆ ಒಂದೂವರೆ ಗಂಟೆ ನಿಮ್ಮಿಬ್ಬರದು. ಅದಕ್ಕೆ ಕಾರಣ ಕೊಡಬೇಕಾಗಿಲ್ಲ, ಕ್ಷಮೆ ಕೇಳಬೇಕಾಗಿಯೂ ಇಲ್ಲ.